ಮಧುಮೇಹ, ಮೂತ್ರಕೋಶ ಮತ್ತು ಮೂಕಜೀವಿಗಳ ಋಣ

ಮಧುಮೇಹವು ಮೂತ್ರದ ಮೂಲಕವೇ ಮನುಷ್ಯನ ಗಮನಕ್ಕೆ ಬಂದ ವ್ಯಾಧಿ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ನಮ್ಮ ದೇಶದ ಪ್ರಾಚೀನ ವೈದ್ಯರು ಗುರುತಿಸಿದ್ದರು. ಆ ಮಾಧುರ್ಯಕ್ಕೆ ಕಾರಣ ಸಕ್ಕರೆಯೇ ಎಂದು ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ತೋರಿಸಿದರು. ಸಕ್ಕರೆ ಮೂತ್ರಕ್ಕೆ ಏಕೆ ಇಳಿಯುತ್ತದೆಂಬುದು ಮಾತ್ರ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಒಗಟಾಗಿಯೇ ಉಳಿಯಿತು. ಅದನ್ನು ಬಿಡಿಸಲು ಒಂದು ನಾಯಿ ತನ್ನ ದೇಹವನ್ನು ತೆರಬೇಕಾಯಿತು.

1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜ್ಜೀರಕ ಗ್ರಂಥಿಯನ್ನು ತೆಗೆದರು. ಅವರ ಕುತೂಹಲವಿದ್ದದ್ದು ಜೀರ್ಣಕ್ರಿಯೆಯ ವಿಷಯದಲ್ಲಿ. ಆದರೆ ಶಿಸ್ತು ಕಲಿತಿದ್ದ ಆ ನಾಯಿ ಪದೇ ಪದೇ ನೆಲದ ಮೇಲೆ ಮೂತ್ರ ವಿಸರ್ಜಿಸತೊಡಗಿತು. ಮಿಂಕೋವ್ಸ್ಕಿ ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆ ಕಂಡುಬಂದಿತು. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅನೇಕ ನಾಯಿಗಳ ಮೇಲೆ ಪ್ರಯೋಗ ನಡೆಸಿ ಇನ್ಸುಲಿನ್ ಸತ್ವವನ್ನು ಪಡೆದರು. 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಕೊಡಲಾಯಿತು. ಅವನು ಬದುಕಿದನು.

ಮುಂದಿನ ಆರು ದಶಕಗಳ ಕಾಲ ಲೋಕಕ್ಕೆಲ್ಲ ಇನ್ಸುಲಿನ್ ಒದಗಿದ್ದು ಕಸಾಯಿಖಾನೆಗಳ ಹಂದಿ ಮತ್ತು ದನಗಳ ಗ್ರಂಥಿಗಳಿಂದ. ಔಷಧದ ಮೂಲವನ್ನು ಬಲ್ಲ ಶ್ರಾವಕನಿಗೆ ಇದೆಂಥ ಧರ್ಮಸಂಕಟವೆಂದು ಹೇಳಬೇಕಾಗಿಲ್ಲ. 1982ರಲ್ಲಿ ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ ಆ ಭಾರ ಕ್ರಮೇಣ ಇಳಿಯಿತು. ಪಂಚೇಂದ್ರಿಯ ಜೀವಿಯ ಸ್ಥಾನಕ್ಕೆ ಸೂಕ್ಷ್ಮಜೀವಿ ಬಂದಿತು. ಅದರ ಹಿಂಸೆಯನ್ನು ಹೇಗೆ ಎಣಿಸಬೇಕೆಂಬುದು ಪಂಡಿತರಿಗೆ ಬಿಟ್ಟ ವಿಷಯ.

ಔಷಧದ ಮೂಲ ಬದಲಾದರೂ ಪ್ರಯೋಗಶಾಲೆಯ ಇಲಿಗಳಿಗೆ ಬಿಡುಗಡೆ ಸಿಗಲಿಲ್ಲ. ಸ್ಟ್ರೆಪ್ಟೋಜೋಟೋಸಿನ್ ಎಂಬ ರಾಸಾಯನಿಕವು ಇನ್ಸುಲಿನ್ ಸ್ರವಿಸುವ ಕೋಶಗಳನ್ನು ನಾಶಮಾಡುತ್ತದೆ. ಅದರಿಂದ ಇಲಿ ಮತ್ತು ನಾಯಿಗಳಿಗೆ ಮಧುಮೇಹ ಬರುತ್ತದೆಂದು 1963ರಲ್ಲಿ ವರದಿಯಾಯಿತು. ಹೀಗೆ ರೋಗ ತಗುಲಿಸಿದ ಇಲಿ ಬಹಳ ನೀರು ಕುಡಿಯುತ್ತದೆ, ಬಹಳ ಮೂತ್ರ ವಿಸರ್ಜಿಸುತ್ತದೆ. ಕೆಲವೇ ವಾರಗಳಲ್ಲಿ ಅದರ ಮೂತ್ರಕೋಶ ಹಿಗ್ಗಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಇದು ಸಕ್ಕರೆಯ ದೋಷವೋ, ಅತಿಮೂತ್ರದ ಫಲವೋ? ಇದನ್ನರಿಯಲು ಆರೋಗ್ಯವಂತ ಇಲಿಗಳಿಗೆ ಸಕ್ಕರೆ ಬೆರೆಸಿದ ನೀರನ್ನೇ ಕುಡಿಸಿ ನೋಡಲಾಯಿತು. ಅವುಗಳ ಮೂತ್ರಕೋಶವೂ ದೊಡ್ಡದಾಯಿತು. ಅಂದರೆ ಹಿಗ್ಗುವಿಕೆಗೆ ಬಹುಮಟ್ಟಿಗೆ ಕಾರಣ ಹೆಚ್ಚಿದ ಕೆಲಸದ ಹೊರೆ.

ಆದರೆ 2006ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನಗಳಲ್ಲಿ ಎರಡು ಗುಂಪುಗಳ ದಾರಿ ಬೇರೆಯಾಯಿತು. ಮೊದಲ ವಾರಗಳಲ್ಲಿ ಎರಡೂ ಹೊರೆಗೆ ಹೊಂದಿಕೊಂಡವು. ಸುಮಾರು 9ರಿಂದ 12 ವಾರಗಳ ಹೊತ್ತಿಗೆ ಮಧುಮೇಹಿ ಇಲಿಗಳ ಮೂತ್ರಕೋಶ ಮಾತ್ರ ಸೋಲತೊಡಗಿತು: ಸಂಕೋಚನಬಲ ಕುಂದಿತು, ಪೂರ್ಣ ಬರಿದಾಗದಾಯಿತು. ದೀರ್ಘಕಾಲದ ಅಧಿಕ ಸಕ್ಕರೆಯಿಂದ ನರಗಳಿಗೂ ಸ್ನಾಯುಗಳಿಗೂ ಆಗುವ ಹಾನಿಯೇ ಇದಕ್ಕೆ ಕಾರಣವೆಂದು ವಿವರಿಸಲಾಗಿದೆ. ಮನುಷ್ಯರಲ್ಲೂ ಇದನ್ನು ಹೋಲುವ ಸ್ಥಿತಿಯುಂಟು. ಹಳೆಯ ಮಧುಮೇಹಿಗೆ ಮೂತ್ರ ತುಂಬಿದ ಅರಿವೇ ಆಗದೆ, ಉಳಿದ ಮೂತ್ರದಲ್ಲಿ ಸೋಂಕು ಸೇರುತ್ತದೆ. ಅರಿವಿಗೆ ಕಾಯದೆ ಗಡಿಯಾರ ನೋಡಿ ಶೌಚಕ್ಕೆ ಹೋಗಿರೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಹಾಗೆಂದು ಇಲಿ ಮನುಷ್ಯನ ಪ್ರತಿರೂಪವಲ್ಲ. ಇಲಿಗೆ ತಗುಲಿಸುವುದು ಇನ್ಸುಲಿನ್ ನಾಶವಾದ ಮಧುಮೇಹ; ಮನುಷ್ಯರಲ್ಲಿ ಹೆಚ್ಚಾಗಿ ಕಾಣುವುದು ವಯಸ್ಸಿನೊಡನೆ ಮೆಲ್ಲನೆ ಬೆಳೆಯುವ ಎರಡನೆಯ ಬಗೆಯದು. ಮೂತ್ರಕೋಶವನ್ನು ಸಂಕುಚಿಸುವ ನರಸಂದೇಶಗಳಲ್ಲೂ ಎರಡು ಜೀವಿಗಳ ನಡುವೆ ವ್ಯತ್ಯಾಸವಿದೆ. ಲಾಭದ ಅಂಕಣವನ್ನು ಹಿಗ್ಗಿಸಿ ಬರೆಯುವುದು ವ್ಯಾಪಾರದಲ್ಲಿ ಹೇಗೋ ಹಾಗೆಯೇ ವಿಜ್ಞಾನದಲ್ಲೂ ತಪ್ಪು ಲೆಕ್ಕವೇ.

ಖರ್ಚಿನ ಅಂಕಣದಲ್ಲಿ ಏನಿದೆ? ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ, ಛೇದಗಳನ್ನು ಎಣಿಸುತ್ತದೆ. ಮೂತ್ರ ಸಂಗ್ರಹಿಸಲೆಂದು ಇಲಿಯನ್ನು ತಂತಿತಳದ ಪಂಜರದಲ್ಲಿ ಒಂಟಿಯಾಗಿರಿಸುವುದು ಬಂಧ; ಒತ್ತಡ ಅಳೆಯಲು ಉದರ ಸೀಳಿ ಮೂತ್ರಕೋಶಕ್ಕೆ ನಳಿಕೆ ಹಾಕುವುದು ಛೇದ. ಕೃತ, ಕಾರಿತ, ಅನುಮೋದಿತವೆಂಬ ವಿಭಾಗದಲ್ಲಿ ಮೊದಲನೆಯದು ಸಂಶೋಧಕನದು. ಸಂಶೋಧನೆಗೆ ಹಣ ನೀಡಿದವನು ಎರಡನೆಯದರಿಂದ ಸುಲಭವಾಗಿ ಪಾರಾಗಲಾರನು. ಹಿಂದೆಂದೋ ನಡೆದ ಪ್ರಯೋಗದ ಫಲವಾದ ಔಷಧದಿಂದ ಬದುಕುತ್ತಿರುವ ರೋಗಿಯನ್ನು ಅನುಮೋದಕನೆನ್ನುವುದು ಕ್ರೌರ್ಯ; ಅವನದು ಋಣ ಮಾತ್ರ.

ಈ ಭೇದ ದಾನ ನೀಡುವ ನಮ್ಮ ಟ್ರಸ್ಟ್‌ಗಳಿಗೆ ಮುಖ್ಯವಾದುದು. ಪ್ರಾಣಿಯ ಬದಲು ಬೇರೆ ವಿಧಾನ, ಕಡಿಮೆ ಪ್ರಾಣಿಗಳು, ಕಡಿಮೆ ನೋವು ಎಂಬ ಮೂರು ನಿಯಮಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಮುಂದಿಟ್ಟಿದ್ದರು. ನಮ್ಮ ದೇಶದ 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯೂ 1998ರ ನಿಯಮಗಳೂ ಪ್ರಯೋಗಗಳ ಮೇಲೆ ಮೇಲ್ವಿಚಾರಣೆಯನ್ನು ವಿಧಿಸಿವೆ. ವೈದ್ಯಕೀಯ ಸಂಸ್ಥೆಗೆ ದಾನಪತ್ರ ಬರೆಯುವಾಗ ಹಣವು ಯಾವ ವಿಭಾಗಕ್ಕೆ ಹೋಗುವುದೆಂದು ನಮೂದಿಸಲು ಯಾವ ಅಡ್ಡಿಯೂ ಇಲ್ಲ. ಮಧುಮೇಹಿಯ ಮೂತ್ರಕೋಶದಲ್ಲಿ ಎಷ್ಟು ಮೂತ್ರ ಉಳಿದಿದೆಯೆಂಬುದನ್ನು ಅಲ್ಟ್ರಾಸೌಂಡ್ ಯಂತ್ರವು ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ಆ ಯಂತ್ರಕ್ಕೆಂದೇ ಹಣವನ್ನು ಮೀಸಲಿಡಬಹುದು.