ಆಲ್ಸಿಯೋನಿಯಂ ಡಿಜಿಟೇಟಂ

ಈಶಾನ್ಯ ಅಟ್ಲಾಂಟಿಕ್ ಸಾಗರದ ತಣ್ಣೀರಿನಲ್ಲಿ ಬಂಡೆಗೆ ಅಂಟಿ ಬೆಳೆಯುವ ಮೆದು ಹವಳ. ನಿಡೇರಿಯ ವಂಶದ ಆಕ್ಟೊಕೊರಾಲಿಯ ವರ್ಗಕ್ಕೆ ಸೇರಿದೆ. ಲಿನೀಯಸ್ 1758ರಲ್ಲಿ ಇದಕ್ಕೆ ಹೆಸರಿಟ್ಟ. ಡಿಜಿಟೇಟಂ ಎಂದರೆ ಬೆರಳುಗಳುಳ್ಳದ್ದು. ನೀರಿನಿಂದ ಹೊರಬಂದಾಗ ಬಿಳಿಚಿ ಊದಿಕೊಂಡ ಕೈಯಂತೆ ಕಾಣುವುದರಿಂದ ಬ್ರಿಟನ್ನಿನಲ್ಲಿ ಇದಕ್ಕೆ ‘ಸತ್ತವನ ಬೆರಳು’ ಎಂಬ ರೂಢನಾಮವಿದೆ. ಸಮುದ್ರದೊಳಗೆ ಈ ಹವಳ-ಸಮೂಹದ ಕಿರುಜೀವಿಗಳಾದ ಪಾಲಿಪುಗಳು ಅರಳಿ, ಮೈತುಂಬ ಬಿಳಿಯ ನವಿರು ಹೊದ್ದಂತೆ ನಿಂತಾಗ ನೋಡಿದವರಿಗೆ ಆ ಹೆಸರು ಒಪ್ಪುವುದಿಲ್ಲ.

ಸಮೂಹದ ಎತ್ತರ ಸುಮಾರು 20 ಸೆಂ.ಮೀ. ವರೆಗೆ. ಬಣ್ಣ ಬಿಳಿ ಅಥವಾ ಕಿತ್ತಳೆ. ಎಳೆಯದು ಬಂಡೆಯ ಮೇಲೆ ತೆಳ್ಳಗಿನ ಪದರವಾಗಿರುತ್ತದೆ, ಬಲಿತಂತೆ ದಪ್ಪ ಬೆರಳುಗಳು ಮೂಡುತ್ತವೆ. ಆದ್ದರಿಂದ ಆಕಾರ, ಬಣ್ಣಗಳನ್ನಷ್ಟೇ ನಂಬಿ ಜಾತಿ ಗುರುತಿಸಲು ಹೊರಡಬಾರದು. ಮೊದಲು ಎಣಿಸಬೇಕಾದದ್ದು ಕರಬಳ್ಳಿಗಳನ್ನು. ಪ್ರತಿ ಪಾಲಿಪಿಗೂ ಎಂಟು. ಒಂದೊಂದರ ಎರಡೂ ಅಂಚಿನಲ್ಲಿ ಗರಿಯಂಥ ಕಿರುಕವಲುಗಳು. ಇಷ್ಟರಿಂದ ವರ್ಗ ತಿಳಿಯುತ್ತದೆ, ಜಾತಿಯಲ್ಲ. ಇದರ ಹತ್ತಿರದ ಬಂಧು ಆಲ್ಸಿಯೋನಿಯಂ ಗ್ಲೊಮೆರೇಟಂನ ಬೆರಳುಗಳು ಹೆಚ್ಚು ಸಪೂರ. ಮೈ ಸಾಮಾನ್ಯವಾಗಿ ಕಡುಗೆಂಪು, ಪಾಲಿಪುಗಳು ಬಿಳಿ. ಅದು ಸೆಳೆತ ಕಡಿಮೆ ಇರುವ ಕಡೆ ನೆಲೆಸಿದರೆ, ಡಿಜಿಟೇಟಂ ನೀರು ರಭಸವಾಗಿ ಹರಿಯುವ ಬಂಡೆಗಳಲ್ಲಿ ದಟ್ಟವಾಗಿ ಬೆಳೆಯುತ್ತದೆ.

ಅನುಮಾನ ಉಳಿದರೆ ಸೂಕ್ಷ್ಮದರ್ಶಕವೇ ಗತಿ. ಮೆದು ಹವಳಕ್ಕೆ ಗಟ್ಟಿ ಹವಳದಂತೆ ಕಲ್ಲಿನ ಗೂಡಿಲ್ಲ; ಮಾಂಸದೊಳಗೆ ಸ್ಕ್ಲೀರೈಟ್ ಎಂಬ ಸುಣ್ಣದ ಕಣಗಳು ಹುದುಗಿರುತ್ತವೆ. ಚೂರೊಂದನ್ನು ಬ್ಲೀಚ್ ದ್ರಾವಣದಲ್ಲಿಟ್ಟರೆ ಮಾಂಸ ಕರಗಿ ಕಣಗಳು ತಳದಲ್ಲಿ ಉಳಿಯುತ್ತವೆ. ಅವುಗಳ ಆಕಾರವನ್ನೂ, ಸಮೂಹದ ಯಾವ ಭಾಗದಿಂದ ತೆಗೆದವು ಎಂಬುದನ್ನೂ ಬರೆದಿಡದ ವಿವರಣೆ ಅಪೂರ್ಣ.

ಟ್ರೈಟೋನಿಯ ಹೊಂಬರ್ಗಿ ಎಂಬ ಕಡಲ ಗೊಂಡೆಹುಳಕ್ಕೆ ಈ ಹವಳವೇ ಆಹಾರ.

ಜುಲೈ ಸುಮಾರಿಗೆ ಪಾಲಿಪುಗಳು ಒಳಸರಿದು ತಿನ್ನುವುದನ್ನೇ ನಿಲ್ಲಿಸುತ್ತವೆ. ತಿಂಗಳುಗಟ್ಟಲೆ ಮುದುಡಿ ಕೂತ ಮೈಮೇಲೆ ಪಾಚಿ, ಹೈಡ್ರಾಯ್ಡುಗಳು ಬೆಳೆದು ಕಂದುಗೆಂಪು ಹೊರಪದರ ಕಟ್ಟುತ್ತದೆ. ಈ ಕಾಲದಲ್ಲಿ ಕಂಡವರು ರೋಗ ಬಡಿದಿದೆಯೆಂದೋ, ಬೇರೆಯೇ ಜಾತಿಯೆಂದೋ ಬರೆದುಕೊಳ್ಳುವುದು ಸಹಜ. ಮಾದರಿ ಸಿಕ್ಕ ತಿಂಗಳನ್ನು ನಮೂದಿಸಬೇಕಾದದ್ದು ಇದಕ್ಕಾಗಿಯೇ. ಚಳಿಗಾಲದ ಹೊತ್ತಿಗೆ ಆ ಪದರವನ್ನು ಕಳಚಿ ಪಾಲಿಪುಗಳು ಮತ್ತೆ ಅರಳುತ್ತವೆ. ಡಿಸೆಂಬರ್–ಜನವರಿಯಲ್ಲಿ ಮೊಟ್ಟೆ, ವೀರ್ಯಾಣುಗಳು ನೀರಿಗೆ ಬಿಡುಗಡೆಯಾಗಿ, ಅಲ್ಲೇ ಕೂಡಿ, ಹುಟ್ಟಿದ ಪ್ಲಾನುಲ ಮರಿಗಳು ನೆಲೆಯೂರಲು ಬಂಡೆ ಹುಡುಕುತ್ತ ತೇಲುತ್ತವೆ.