ಲೆಕ್ಕ ಇಟ್ಟವರು, ಮಾತು ಉಳಿಸಿದವರು

ಈ ಮಳೆಗಾಲದಲ್ಲಿ ಕುದೇರಿನ ನಮ್ಮ ಮನೆಯಲ್ಲಿ ಕೂತು ನಾಲ್ಕು ಪುಸ್ತಕ ಓದಿ ಮುಗಿಸಿದೆ. ಎರಡು ನೆನಪಿನ ಪುಸ್ತಕಗಳು: ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಮತ್ತು ಸಿದ್ಧಲಿಂಗಯ್ಯನವರ ‘ಊರುಕೇರಿ’. ಇನ್ನೆರಡು ದೇವನೂರ ಮಹಾದೇವ ಅವರವು: ಕಿರುಕಾದಂಬರಿ ‘ಒಡಲಾಳ’ ಮತ್ತು ‘ಕುಸುಮಬಾಲೆ’. ನಾಲ್ಕನ್ನೂ ಒಟ್ಟಿಗೆ ಓದಿದ್ದರಿಂದ ಒಂದು ಪ್ರಶ್ನೆ ಬೆನ್ನು ಹತ್ತಿತು. ನಮ್ಮ ಸೀಮೆಯ ಚರಿತ್ರೆ ಬರೆಯಲು ಹೊರಟವರು ಇವುಗಳಲ್ಲಿ ಯಾವುದನ್ನು ಸಾಕ್ಷಿ ಎಂದು ಕರೆಯಬೇಕು? ನೆನಪಿನ ಪುಸ್ತಕ ನಡೆದದ್ದನ್ನು ಹೇಳುತ್ತದೆ, ಕಾದಂಬರಿ ಕಟ್ಟಿದ್ದನ್ನು ಹೇಳುತ್ತದೆ ಎನ್ನುವ ಪಾಠ ನಮಗೆಲ್ಲ ಬಾಯಿಪಾಠ. ನನಗೆ ಅದು ಅಷ್ಟು ಸರಳವಾಗಿ ಕಾಣುತ್ತಿಲ್ಲ.

ಸ್ಯಾಂಡರ್ಸನ್ನನಿಂದಲೇ ಶುರು ಮಾಡುತ್ತೇನೆ. ಅವನು ಮೈಸೂರು ಸಂಸ್ಥಾನದ ನೀರಾವರಿ ಕೆಲಸಕ್ಕೆ ಬಂದವನು. ಚಾಮರಾಜನಗರದ ಹತ್ತಿರ, ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಮನೆ ಮಾಡಿಕೊಂಡಿದ್ದ. ಕಾಡಾನೆ ಹಿಡಿಯುವ ಹೊಣೆಯನ್ನು ಸರ್ಕಾರ ಅವನಿಗೆ ಒಪ್ಪಿಸಿತು. 1873ರ ಮೊದಲ ಪ್ರಯತ್ನ ಕೈಕೊಟ್ಟಿತು. 1874ರ ಜೂನ್‌ನಲ್ಲಿ 55 ಆನೆಗಳು ಖೆಡ್ಡಾದೊಳಗೆ ಬಿದ್ದವು. ಅವನ ಕಣ್ಣು ಚುರುಕು. ಆನೆಯ ಎತ್ತರದ ಬಗ್ಗೆ ಇದ್ದ ದೊಡ್ಡ ದೊಡ್ಡ ಮಾತುಗಳನ್ನು ಅಳತೆ ಹಿಡಿದು ತಿದ್ದುತ್ತಾನೆ. ಹಳ್ಳಿಯವರ ಬಗ್ಗೆ, ಸೋಲಿಗರ ಬಗ್ಗೆ ಪ್ರೀತಿಯಿಂದಲೇ ಬರೆಯುತ್ತಾನೆ. ಹೆಜ್ಜೆ ಗುರುತು ನೋಡಿ ಪ್ರಾಣಿಯ ಜಾಡು ಹಿಡಿಯುವ ಅವರ ಜಾಣ್ಮೆಯನ್ನು ಮೆಚ್ಚುತ್ತಾನೆ. ನಮ್ಮ ಸೀಮೆಯ ಬಗ್ಗೆ ಇಷ್ಟು ವಿವರವಾಗಿ ಬರೆದ ಅಷ್ಟು ಹಳೆಯ ಪುಸ್ತಕ ಸಿಕ್ಕಿದ್ದು ನನಗೆ ಹಬ್ಬದಂತಿತ್ತು.

ಆದರೂ ಓದಿ ಮುಗಿಸಿದಾಗ ಒಂದು ಕೊರತೆ ಉಳಿಯಿತು. ಆನೆಗಳನ್ನು ಸುತ್ತುವರಿದು, ತಮಟೆ ಬಡಿದು, ಬೆಂಕಿ ಹಾಕಿ, ರಾತ್ರಿಯಿಡೀ ಕಾವಲು ಕಾದ ಜನ ಆ ರಾತ್ರಿ ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು? ಹಿಡಿದ ಆನೆಯನ್ನು ಕಂಡು ಹೆಮ್ಮೆಪಟ್ಟರೋ, ಮರುಗಿದರೋ? ಅವರ ಮಾತು ನಮಗೆ ಬರುವುದು ಸಾಹೇಬನ ಇಂಗ್ಲಿಷಿನ ಮೂಲಕ. ಆನೆಯ ಲೆಕ್ಕ ಪಕ್ಕಾ ಇದೆ, ಅದನ್ನು ಹಿಡಿದವರ ಮನಸ್ಸು ಹೊರಗೇ ಉಳಿದಿದೆ.

ಆ ಪುಸ್ತಕ ಅಚ್ಚಾದ ಹೊತ್ತಿಗೆ ಮೈಸೂರು ಸೀಮೆ ಧಾತು-ಈಶ್ವರ ಬರದ ಹೊಡೆತದಿಂದ ಇನ್ನೂ ಎದ್ದಿರಲಿಲ್ಲ. 1876ರಿಂದ 1878ರವರೆಗಿನ ಆ ಬರದಲ್ಲಿ ಸತ್ತವರು ಲಕ್ಷಗಟ್ಟಲೆ. ಅದರ ವರದಿಗಳಿವೆ, ಗಂಜಿಕೇಂದ್ರಗಳ ಲೆಕ್ಕಗಳಿವೆ. ಆದರೆ ಹಸಿವು ಒಂದು ಮನೆಯೊಳಗೆ ಹೇಗಿರುತ್ತದೆ ಎಂಬುದನ್ನು ವರದಿ ಹೇಳಲಾರದು. ಅದು ನನಗೆ ಅರ್ಥವಾದದ್ದು ‘ಒಡಲಾಳ’ದಲ್ಲಿ. ಅದು ಆ ಬರದ ಕತೆಯಲ್ಲ, ನೂರು ವರ್ಷದ ಈಚಿನದು. ಮುದುಕಿ ಸಾಕವ್ವನ ಹುಂಜ ಕಳೆದುಹೋಗಿದೆ. ಅದೇ ರಾತ್ರಿ ಮನೆಗೆ ಸಾಹುಕಾರನ ಕಡಲೆಕಾಯಿ ಮೂಟೆ ಕದ್ದು ಬರುತ್ತದೆ. ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ತಿನ್ನುತ್ತಾರೆ, ಬೆಳಗಾದರೆ ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ಪೊಲೀಸರ ಕಡತಕ್ಕೆ ಇದು ಒಂದು ಸಾಲಿನ ಕಳ್ಳತನ. ಮಹಾದೇವ ಅವರಿಗೆ ಅದು ಒಂದು ಕುಟುಂಬ ಹೊಟ್ಟೆ ತುಂಬ ಉಂಡ ಅಪರೂಪದ ರಾತ್ರಿ. ಅಂಥ ಮನೆಯಲ್ಲೂ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬಿಡಿಸುತ್ತಾಳೆ. ಹಸಿದವರಿಗೆ ಹಸಿವಲ್ಲದೆ ಬೇರೆ ಬದುಕೂ ಇತ್ತು ಎಂಬುದಕ್ಕೆ ನನಗೆ ಆ ನವಿಲಿಗಿಂತ ದೊಡ್ಡ ದಾಖಲೆ ಬೇಕಿಲ್ಲ.

ಹಾಗೆಂದು ನೆನಪಿನ ಪುಸ್ತಕಗಳನ್ನು ನಾನು ಕೀಳುಗಳೆಯುತ್ತಿಲ್ಲ. ಬರೆಯುವವರು ಬದಲಾದರೆ ಆ ಪ್ರಕಾರವೇ ಬದಲಾಗುತ್ತದೆ ಎಂಬುದಕ್ಕೆ ‘ಊರುಕೇರಿ’ ಇದೆ. ಸಿದ್ಧಲಿಂಗಯ್ಯನವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯವರು. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದುದನ್ನು, ಅವರಲ್ಲಿ ಒಬ್ಬರು ತಮ್ಮ ಅಪ್ಪ ಎಂಬುದನ್ನು ಅವರು ಪುಸ್ತಕದ ಆರಂಭದಲ್ಲೇ ದನಿ ಏರಿಸದೆ ಹೇಳುತ್ತಾರೆ. ಆಮೇಲೆ ಪುಟ ಪುಟದಲ್ಲೂ ನಗಿಸುತ್ತಾರೆ. ಆ ನಗು ಕೆಲವು ಕಡೆ ದಬ್ಬಾಳಿಕೆ ಮಾಡಿದವರನ್ನು ಸುಲಭವಾಗಿ ಬಿಟ್ಟುಬಿಡುತ್ತದೆ ಎಂದು ನನಗೆ ಅನ್ನಿಸಿದ್ದುಂಟು. ಆದರೆ ಕೇರಿಯನ್ನು ಬರೀ ಸಂಕಟದ ಜಾಗವಾಗಿ ನೋಡಿ ಕಣ್ಣೊರೆಸಿಕೊಳ್ಳುವ ಓದುಗರಿಗೆ ಅದು ಆ ಸುಖವನ್ನು ಕೊಡುವುದಿಲ್ಲ. ಸ್ಯಾಂಡರ್ಸನ್ ಹೊರಗೆ ನಿಂತು ಮೆಚ್ಚಿದ. ಸಿದ್ಧಲಿಂಗಯ್ಯ ಒಳಗಿನಿಂದ ನಕ್ಕರು.

1984ರಲ್ಲಿ ಬಂದ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕುಸುಮಬಾಲೆ’ಯ ಭಾಷೆ ಕಷ್ಟ ಎಂದು ದೂರುವವರು ಬಹಳ. ನಂಜನಗೂಡು, ಚಾಮರಾಜನಗರದ ಕಡೆಯವರಿಗೆ ಅದು ಮನೆಮಾತು. ನಾನು ಗಟ್ಟಿಯಾಗಿ ಓದಿದಾಗ, ಅಕ್ಷರ ಬಾರದ ನಮ್ಮವ್ವ ಎಲ್ಲಿಯೂ ತಡೆದು ಅರ್ಥ ಕೇಳಲಿಲ್ಲ. ದೀಪದ ಜೋತಮ್ಮಗಳು ರಾತ್ರಿ ಸೇರಿ ಮಾತಾಡುವುದಾಗಲಿ, ಮಂಚ ಬಾಯಿ ಬಿಡುವುದಾಗಲಿ ಅವಳಿಗೆ ಸೋಜಿಗ ಎನ್ನಿಸಲಿಲ್ಲ. “ಮನೇಲಿ ನಡೆದದ್ದ ಮನುಷ್ಯರು ಮುಚ್ಚಿಟ್ರೆ ಮಂಚ ತಾನೆ ಹೇಳ್ಬೇಕು ಕನಪ್ಪ” ಎಂದಳು. ನನಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಗೊತ್ತಿಲ್ಲ. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ಚನ್ನ ಕೊಲೆಯಾಗಿದ್ದಾನೆ. ಊರಿಗೆ ಮಾತ್ರ ಅವನು ಬೊಂಬಾಯಿಗೆ ಹೋದವನು. ಪುಸ್ತಕಕ್ಕೆ ತನ್ನ ಹೆಸರು ಕೊಟ್ಟ ಕುಸುಮಳೇ ಅಷ್ಟು ಕಡಿಮೆ ಮಾತಾಡುತ್ತಾಳೆ ಎಂಬುದು ನನ್ನ ತಕರಾರು. ಆದರೆ ಅಂಥ ಮನೆಯಲ್ಲಿ ಅಂಥ ಹೆಣ್ಣಿಗೆ ಮಾತಿಗೆ ಜಾಗವೆಲ್ಲಿತ್ತು ಎಂದು ಕಾದಂಬರಿ ನನ್ನನ್ನೇ ಕೇಳುವಂತಿದೆ.

1993ರಲ್ಲಿ ಇದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಅದು ಪತ್ರಿಕೆಗಳಲ್ಲಿ ಬಂತು, ಕೋರ್ಟಿನ ಕಡತವಾಯಿತು. ನಾಳೆ ಚರಿತ್ರೆ ಬರೆಯುವವರಿಗೆ ಆ ಕಾಗದ ಸಿಗುತ್ತದೆ. ಕಾಗದವೇ ಹುಟ್ಟದಂತೆ ಮುಚ್ಚಿಹೋದ ಸಾವುಗಳಿಗೆ ಏನು ಮಾಡೋಣ? ಚನ್ನ ಎಂಬ ಹೆಸರಿನ ವ್ಯಕ್ತಿ ಇದ್ದನೋ ಇಲ್ಲವೋ ಎಂದು ಹುಡುಕುವುದಲ್ಲ ನನ್ನ ಉದ್ದೇಶ. ಒಂದು ಸಾವನ್ನು ಊರು ಹೇಗೆ ‘ಬೊಂಬಾಯಿಗೆ ಹೋದ’ ಎಂಬ ಸುದ್ದಿಯಾಗಿ ಮಾರ್ಪಡಿಸುತ್ತದೆ, ಆ ಸುದ್ದಿಯನ್ನು ಯಾರು ನಂಬುತ್ತಾರೆ, ಯಾರು ನಂಬಿದಂತೆ ಇರುತ್ತಾರೆ ಎಂಬುದನ್ನು ತಿಳಿಯಲು ನನಗೆ ಈ ಕಾದಂಬರಿ ಬೇಕು.

ಬರೆದಿಟ್ಟದ್ದು ಮಾತ್ರ ಸಾಕ್ಷಿ ಎನ್ನುವವರಿಗೆ ನಮ್ಮ ಬೆಟ್ಟವೇ ಉತ್ತರ ಕೊಟ್ಟಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಸರ್ಕಾರಿ ದಾಖಲೆ, ನಕ್ಷೆಗಳ ಜೊತೆಗೆ ಊರಿನ ಹಿರಿಯರು ಹೇಳಿ ಬರೆಸಿದ ಮಾತನ್ನೂ ಪುರಾವೆ ಎಂದು ಒಪ್ಪುತ್ತವೆ. ಇದೇ ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಸ್ಯಾಂಡರ್ಸನ್ ಯಾರ ಜಾಡು ಹಿಡಿಯುವ ಜಾಣ್ಮೆಯನ್ನು ಮೆಚ್ಚಿ ಬರೆದನೋ, ಅದೇ ಸಮುದಾಯದ ಅಜ್ಜ ಅಜ್ಜಿಯರ ನೆನಪಿಗೆ ಕಾನೂನಿನ ಮುಂದೆ ಬೆಲೆ ಬಂತು. ಕಾನೂನು ಕೊಟ್ಟಷ್ಟು ಜಾಗವನ್ನು ನಮ್ಮ ಚರಿತ್ರೆಯ ತರಗತಿಗಳು ಇನ್ನೂ ಕೊಟ್ಟಿಲ್ಲ. ಚರಿತ್ರೆ ಓದುವ ವಿದ್ಯಾರ್ಥಿಗಳು ಸ್ಯಾಂಡರ್ಸನ್ನನನ್ನು ಖಂಡಿತ ಓದಲಿ, 55 ಆನೆಗಳ ಲೆಕ್ಕವನ್ನು ಬರೆದುಕೊಳ್ಳಲಿ. ಅದೇ ಮೇಜಿನ ಮೇಲೆ ಸಾಕವ್ವನ ಹುಂಜಕ್ಕೂ ಒಂದು ಪುಟ ಇರಲಿ.