ಸಾಲಿಯ ಹೊರಗೇ ಉಳಿದ ವಾಕ್ ಚಿಕಿತ್ಸಕರು

ಮಗುವಿಗೆ ಮಾತು ತಡವಾದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಬಜೆಯ ಬೇರು. ಅದನ್ನು ತೇಯ್ದು ನಾಲಿಗೆಗೆ ಸವರುತ್ತಾರೆ. ನಾಲಿಗೆ ದಪ್ಪ ಎಂದೋ, ನಾಲಿಗೆಯ ಕೆಳಗಿನ ನರ ಬಿಗಿ ಎಂದೋ ಹಿರಿಯರು ತೀರ್ಪು ಕೊಡುತ್ತಾರೆ. ಅಪ್ಪನಿಗೂ ಮಾತು ತಡವಾಗಿಯೇ ಬಂದಿತ್ತಲ್ಲ ಎಂಬ ಸಮಾಧಾನ ಬೇರೆ. ಹೀಗೆ ಕಾಯುತ್ತಿರುವಾಗಲೇ ಮಗುವಿಗೆ ಆರು ತುಂಬುತ್ತದೆ, ಸಾಲಿಗೆ ಹೆಸರು ಹಚ್ಚುವ ದಿನ ಬರುತ್ತದೆ.

ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಜೈನಾಪುರದಂಥ ಊರಿನಲ್ಲಿ ಇಂಥ ಮಗುವಿನ ತೊಡಕನ್ನು ಮನೆಯ ಹೊರಗೆ ಮೊದಲು ಗಮನಿಸುವವರು ಅಂಗನವಾಡಿ ಕಾರ್ಯಕರ್ತೆ ಮತ್ತು ಸಾಲಿಯ ಮಾಸ್ತರರು. ಹಾಜರಿ ಕೂಗಿದಾಗ ಉತ್ತರ ಗಂಟಲಲ್ಲೇ ಸಿಕ್ಕಿಬೀಳುವ ಹುಡುಗ, 'ರ' ಬಾರದೆ ಸಹಪಾಠಿಗಳ ನಗೆಗೆ ಈಡಾಗುವ ಹುಡುಗಿ, ಹಿಂದಿನಿಂದ ಕರೆದರೆ ತಿರುಗದ ಮಗು ಅವರ ಕಣ್ಣಿಗೆ ಬೀಳುತ್ತವೆ. ಆದರೆ ಗಮನಿಸಿದ ಮೇಲೆ ಯಾರ ಬಳಿ ಕಳುಹಿಸಬೇಕು? ಜ್ವರವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಮಾತಿನ ತೊಡಕಿಗೆ ಮದ್ದು ಕೊಡುವವರು ವಾಕ್ ಚಿಕಿತ್ಸಕರು; ಅವರ ಹುದ್ದೆ ನಮ್ಮ ಸರ್ಕಾರಿ ಸಾಲಿಯ ಸಿಬ್ಬಂದಿ ಪಟ್ಟಿಯಲ್ಲಿ ಇಲ್ಲ. ಏಕಿಲ್ಲ ಎಂದು ಕೇಳಿದರೆ ಈ ವಿದ್ಯೆ ನಮ್ಮಲ್ಲಿಗೆ ಬಂದ ದಾರಿಯನ್ನೇ ನೋಡಬೇಕಾಗುತ್ತದೆ.

ಅಮೆರಿಕದಲ್ಲಿ ಈ ವೃತ್ತಿ ಬೇರು ಬಿಟ್ಟದ್ದು ಶಾಲೆಯಲ್ಲಿ. 1910ರಲ್ಲಿ ಶಿಕಾಗೋ ನಗರದ ಶಾಲೆಗಳ ಮುಖ್ಯಸ್ಥೆಯಾಗಿದ್ದ ಎಲ್ಲಾ ಫ್ಲ್ಯಾಗ್ ಯಂಗ್ ಅವರು ಶಿಕ್ಷಕರ ತರಬೇತಿ ಕಾಲೇಜಿನಿಂದ ಹತ್ತು ಮಂದಿಯನ್ನು ಆರಿಸಿ, ಉಗ್ಗುವ ಮಕ್ಕಳಿಗೆ ಪಾಠ ಹೇಳಲು ನೇಮಿಸಿದರು. ಆಗ ಅವರನ್ನು ವಾಕ್ ತಿದ್ದುವ ಶಿಕ್ಷಕರು ಎನ್ನುತ್ತಿದ್ದರು, ವೈದ್ಯರು ಎಂದಲ್ಲ. ಅವರದೇ ವೃತ್ತಿ ಸಂಘ ಹುಟ್ಟಿದ್ದು ಹದಿನೈದು ವರ್ಷ ಕಳೆದು, 1925ರಲ್ಲಿ. ಅಂಗವಿಕಲ ಮಕ್ಕಳೆಲ್ಲರಿಗೂ ತಕ್ಕ ಶಿಕ್ಷಣ ಕೊಡಬೇಕೆಂಬ ಕಾನೂನು 1975ರಲ್ಲಿ ಬಂದಾಗ, ವಾಕ್ ಚಿಕಿತ್ಸೆಯನ್ನು ಒದಗಿಸುವುದು ಶಾಲಾ ಜಿಲ್ಲೆಯ ಹೊಣೆಯಾಯಿತು. ಶಾಲಾ ಜಿಲ್ಲೆ ಎಂದರೆ ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ಅಲ್ಲಿನ ಚಿಕಿತ್ಸಕರು ವಾರದ ವೇಳಾಪಟ್ಟಿ ಹಿಡಿದು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ. ಎರಡು ಮೂರು ಮಕ್ಕಳನ್ನು ತರಗತಿಯಿಂದ ಕರೆದು ಅರ್ಧ ತಾಸು ಕೂರಿಸಿಕೊಳ್ಳುತ್ತಾರೆ. ಇಂದು ಅಲ್ಲಿನ ವಾಕ್ ತಜ್ಞರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಂಬಳ ಬರುವುದು ಶಾಲೆಗಳಿಂದ.

ನಮ್ಮಲ್ಲಿ ಹಾಗಾಗಲಿಲ್ಲ. ಕಿವುಡು ಮಕ್ಕಳಿಗೆ ಶಾಲೆಗಳೇನೋ ಮೊದಲಿನಿಂದಲೂ ಇದ್ದವು. ಮುಂಬಯಿಯಲ್ಲಿ 1885ರಲ್ಲಿ, ಮೈಸೂರಿನಲ್ಲಿ 1901ರಲ್ಲಿ ಅಂಥವು ತೆರೆದವು. ಆದರೆ ಕಿವಿ ಚೆನ್ನಾಗಿದ್ದೂ ಮಾತು ಸರಿಯಾಗಿ ಬಾರದ ಮಗುವಿಗೆ ನೆಲೆಯೇ ಇರಲಿಲ್ಲ. ಸ್ವಾತಂತ್ರ್ಯಾನಂತರ, 1960ರ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದ ವಿಚಿಟಾ ನಗರದ ಲೋಗೋಪೀಡಿಕ್ಸ್ ಸಂಸ್ಥೆಯ ಡಾ. ಮಾರ್ಟಿನ್ ಪಾಮರ್ ಭಾರತಕ್ಕೆ ಬಂದು, ಇಲ್ಲಿಯೂ ಇಂಥದೊಂದು ಸಂಸ್ಥೆ ಬೇಕೆಂದು ಸೂಚಿಸಿದರು. ಜಾಗ ಕೊಡಲು ಮುಂದೆ ಬಂದವರು ಮೈಸೂರಿನ ಜಯಚಾಮರಾಜ ಒಡೆಯರು. 1965ರಲ್ಲಿ ಮೈಸೂರಿನಲ್ಲಿ ಕೆಲಸ ಆರಂಭವಾಯಿತು. ಮರುವರ್ಷ ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಮಾನಸಗಂಗೋತ್ರಿಯ ಬಳಿಯ ಕಟ್ಟಡಕ್ಕೆ ಅಡಿಗಲ್ಲಿಟ್ಟರು. ಮೊದಲ ನಿರ್ದೇಶಕರು ಡಾ. ಬಿ. ಎಂ. ರಾವ್.

ಹೆಸರಿನ ವಿಚಾರವೊಂದು ಸ್ವಾರಸ್ಯಕರವಾಗಿದೆ. ಮೊದಲು ಅದು ಲೋಗೋಪೀಡಿಕ್ಸ್ ಸಂಸ್ಥೆಯೆಂದೇ ಇತ್ತು. ಗ್ರೀಕ್ ಮೂಲದ ಆ ಪದದಲ್ಲಿ ಮಾತೂ ಇದೆ, ಮಗುವಿಗೆ ಕಲಿಸುವುದೂ ಇದೆ. 1966ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಂದಾದಾಗ ಮಾತಿನ ಪಕ್ಕದಲ್ಲಿ ಕಿವಿ ಬಂದು ಕುಳಿತಿತು, ಕಲಿಸುವುದು ಬಿಟ್ಟುಹೋಯಿತು. ಇದರಲ್ಲಿ ಯಾರ ಹುನ್ನಾರವೂ ಇರಲಿಲ್ಲ. ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿ ಹುಟ್ಟಿತು. ಕಿವಿ, ಮೂಗು, ಗಂಟಲಿನ ವೈದ್ಯರ ನೆರೆಯಲ್ಲಿ ಬೆಳೆಯಿತು. ಹಾಗಾಗಿ ಅಲ್ಲಿ ಕಲಿತವರು ಆಸ್ಪತ್ರೆಯ ಚೀಟಿ ಹಿಡಿದು ಬರುವ ರೋಗಿಗಾಗಿ ಕಾಯುವುದನ್ನು ರೂಢಿಸಿಕೊಂಡರು. ಸಾಲಿಯ ಬಾಗಿಲು ತಟ್ಟುವುದು ಆ ಏರ್ಪಾಡಿನಲ್ಲಿ ಇರಲಿಲ್ಲ. 1983ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ಶ್ರವಣ ಸಂಸ್ಥೆಯನ್ನು ಕಲ್ಯಾಣ ಇಲಾಖೆ ನೋಡಿಕೊಂಡಿತು. ಸಾಲಿಗಳೋ ಶಿಕ್ಷಣ ಇಲಾಖೆಯವು. ಮಗು ಒಂದೇ, ಮನೆ ಮೂರು.

ಹಾಗೆಂದು ಮೈಸೂರಿನವರ ಕೆಲಸ ಸಣ್ಣದಲ್ಲ. 1966ರಲ್ಲೇ ಸ್ನಾತಕೋತ್ತರ ಶಿಕ್ಷಣ, ಎರಡು ವರ್ಷದಲ್ಲಿ ಪದವಿ ಶಿಕ್ಷಣ ಆರಂಭವಾದವು. ಅಮೆರಿಕದ ಪುಸ್ತಕಗಳಲ್ಲಿ ಇಂಗ್ಲಿಷ್ ಮಗುವಿನ ಮಾತಿತ್ತೇ ಹೊರತು ಕನ್ನಡದ ಮಗುವಿನದಲ್ಲ. ಯಾವ ವಯಸ್ಸಿಗೆ ಯಾವ ಕನ್ನಡ ಧ್ವನಿ ಬರಬೇಕು ಎಂಬುದು ತಿಳಿಯದೆ ಇದು ದೋಷ, ಇದು ಎಳೆತನ ಎಂದು ಹೇಳುವುದಾದರೂ ಹೇಗೆ? 1972ರಲ್ಲಿ ಬಾಬು, ರತ್ನ, ಬೆಟಗೇರಿ ಎಂಬ ಮೂವರು ಸೇರಿ ಕನ್ನಡದ ಉಚ್ಚಾರಣಾ ಪರೀಕ್ಷೆಯನ್ನು ಸಿದ್ಧಪಡಿಸಿದರು. ಇವರಲ್ಲಿ ರತ್ನ ಎಂದರೆ ಕನ್ನಡ ರಂಗಭೂಮಿಯವರಿಗೆ 'ಎಲ್ಲಿಗೆ' ನಾಟಕದ, 'ಸಮತೆಂತೋ' ತಂಡದ ನ. ರತ್ನ ಅವರೇ, ಮುಂದೆ ಸಂಸ್ಥೆಯ ನಿರ್ದೇಶಕರೂ ಆದರು. ಹಗಲು ಒಂದು ಧ್ವನಿಯ ಉಚ್ಚಾರಣೆಯನ್ನು ತಿದ್ದಿ, ಸಂಜೆ ಮಾತಿನ ಅಸಂಗತತೆಯನ್ನೇ ರಂಗಕ್ಕೆ ತಂದ ಇಂಥವರು ಬೇರೆ ಎಲ್ಲಿಯೂ ಸಿಗಲಿಕ್ಕಿಲ್ಲ! ಆ ಪರೀಕ್ಷೆಯನ್ನು 2010ರ ಸುಮಾರಿಗೆ ಮತ್ತೆ ಒರೆಗೆ ಹಚ್ಚಿ ನೋಡಿದಾಗ, ಮೊದಲು ಎಣಿಸಿದ್ದಕ್ಕಿಂತ ಬೇಗನೆ ಮಕ್ಕಳು ಧ್ವನಿಗಳನ್ನು ಕಲಿಯುತ್ತಾರೆ ಎಂದು ಕಂಡುಬಂತು. ತುಟಿಯಲ್ಲಿ ಹುಟ್ಟುವ ಪ, ಬ, ಮ ಮೊದಲು ಬರುತ್ತವೆ. ನಾಲಿಗೆಯ ತುದಿ ಕಂಪಿಸಬೇಕಾದ 'ರ' ಕೊನೆಯವುಗಳ ಸಾಲಿನಲ್ಲಿ ಬರುತ್ತದೆ. ಮೂರು ವರ್ಷದ ಮಗು 'ಮರ'ಕ್ಕೆ 'ಮಲ' ಎಂದರೆ ನಕ್ಕು ಸುಮ್ಮನಿರಬಹುದು. ಮೂರನೆಯ ಇಯತ್ತೆಯ ಮಗು ಹಾಗೆಂದರೆ ಸುಮ್ಮನಿರುವಂತಿಲ್ಲ.

ಈ ಅಳತೆಗೋಲನ್ನು ವಿಜಯಪುರ ಜಿಲ್ಲೆಗೆ ತಂದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಮೈಸೂರು ಸೀಮೆಯ ಹಳ್ಳಿಯಲ್ಲಿ ಹಾಲು 'ಆಲು' ಆಗುವುದು ದೋಷವಲ್ಲ, ಆ ಊರಿನ ನುಡಿ. ಹಾಗೆಯೇ ಇಲ್ಲಿಯ ಮಗು 'ಮನೆಯಲ್ಲಿ' ಎನ್ನದೆ 'ಮನ್ಯಾಗ' ಎನ್ನುತ್ತದೆ, 'ಇದೆ' ಎನ್ನದೆ 'ಐತಿ' ಎನ್ನುತ್ತದೆ. ಪಟ್ಟಿಯಲ್ಲಿರುವಂತೆ ಹೇಳಲಿಲ್ಲವೆಂದು ಅಂಕ ಕಳೆದರೆ ತಪ್ಪು ಮಗುವಿನದಲ್ಲ. ತಾಂಡಾದಿಂದ ಬರುವ ಮಗುವಿಗೆ ಮನೆಯ ಮಾತು ಲಂಬಾಣಿ. ಪೇಟೆಯ ಎಷ್ಟೋ ಮಕ್ಕಳಿಗೆ ದಖನಿ ಉರ್ದು, ಗಡಿಯ ಕಡೆ ಮರಾಠಿ. ಒಂದನೆಯ ಇಯತ್ತೆಯಲ್ಲಿ ಬಾಯಿ ಬಿಡದೆ ಕೂತ ಲಂಬಾಣಿ ಮಗು ಮೂಕವೋ, ಕನ್ನಡ ಇನ್ನೂ ಕಿವಿಗೆ ಬೀಳುತ್ತಿರುವ ಮಗುವೋ? ಇದಕ್ಕೆ ತಜ್ಞರಲ್ಲಿ ಒಂದು ಒರೆಗಲ್ಲಿದೆ. ನಿಜವಾದ ಭಾಷಾ ದೋಷವಾದರೆ ಅದು ಮನೆಮಾತಿನಲ್ಲೂ ಕಾಣುತ್ತದೆ. ಮನೆಯಲ್ಲಿ ಅಜ್ಜಿಯೊಡನೆ ಹರಟುವ ಮಗು ಸಾಲಿಯಲ್ಲಿ ಮೌನವಾಗಿದ್ದರೆ ಅದಕ್ಕೆ ಬೇಕಾದದ್ದು ಚಿಕಿತ್ಸೆಯಲ್ಲ, ಸಮಯ. ಇದನ್ನು ಬೇರ್ಪಡಿಸಲಾರದ ಸಾಲಿಯಲ್ಲಿ ಎರಡೂ ಮಕ್ಕಳಿಗೆ ಸಿಗುವ ಹೆಸರು ಒಂದೇ: ದಡ್ಡ.

ಕಿವಿಯ ಮಾತು ಇದಕ್ಕೆ ಹತ್ತಿರದ್ದು. ಕಿವಿ ಸೋರುವುದನ್ನು ಹಳ್ಳಿಗಳಲ್ಲಿ ಯಾರೂ ರೋಗವೆಂದು ಎಣಿಸುವುದಿಲ್ಲ. ಆದರೆ ವರ್ಷಗಟ್ಟಲೆ ಸೋರುವ ಕಿವಿಯ ಮಗುವಿಗೆ ಗಟ್ಟಿ ಮಾತು ಕೇಳಿಸುತ್ತದೆ, ಸಣ್ಣ ಧ್ವನಿಗಳು ಕೇಳಿಸುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತರೆ ಅರ್ಧ ಪಾಠ ಗಾಳಿಯಲ್ಲಿ ಹೋಗುತ್ತದೆ. ಹುಟ್ಟು ಕಿವುಡಿಗೆ ಸೋದರಮಾವನ, ಅತ್ತೆ ಮಕ್ಕಳ ನಡುವಿನ ಮದುವೆಗಳೂ ಒಂದು ಕಾರಣವೆಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಈ ಸೀಮೆಗೆ ಆ ಮಾತು ಹೊಸದಲ್ಲ.

ಸರ್ಕಾರದ ಲೆಕ್ಕಕ್ಕೆ ಮಾತು ಸಿಕ್ಕಿದ ಬಗೆಯೂ ವಿಚಿತ್ರ. 1981ರ ಜನಗಣತಿ ಕೇಳಿದ್ದು ಪೂರ್ತಿ ಕುರುಡರು, ಪೂರ್ತಿ ಮೂಕರು, ಪೂರ್ತಿ ಅಂಗಹೀನರು ಎಷ್ಟು ಎಂದು. ಅರ್ಧ ಮಾತಿನವರು ಯಾವ ಅಂಕಣಕ್ಕೂ ಸೇರಲಿಲ್ಲ. 1991ರಲ್ಲಿ ಆ ಪ್ರಶ್ನೆಯೇ ಇರಲಿಲ್ಲ. 2011ರ ಗಣತಿಯಲ್ಲಿ ಮಾತಿನ ತೊಂದರೆಯವರು ದೇಶದಲ್ಲಿ ಸುಮಾರು 20 ಲಕ್ಷ ಎಂದು ಬಂತು. 1995ರ ಅಂಗವಿಕಲರ ಕಾಯ್ದೆ ಗುರುತಿಸಿದ ಏಳು ನ್ಯೂನತೆಗಳಲ್ಲಿ ಮಾತು ಸೇರಿರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿ, ವಾಕ್ ಮತ್ತು ಭಾಷಾ ನ್ಯೂನತೆಯನ್ನು ಸೇರಿಸಿತು. ಸಂತೋಷದ ಸಂಗತಿಯೇ. ಆದರೆ ವಿವರಣೆ ಓದಿದರೆ ಸಂತೋಷ ಅರ್ಧವಾಗುತ್ತದೆ. ಧ್ವನಿಪೆಟ್ಟಿಗೆ ತೆಗೆದುಹಾಕಿದ್ದರಿಂದಲೋ, ಮೆದುಳಿನ ಆಘಾತದಿಂದ ಮಾತು ಹೋದದ್ದರಿಂದಲೋ ಉಂಟಾಗುವ ಶಾಶ್ವತ ನ್ಯೂನತೆ ಎಂಬ ಧಾಟಿಯಲ್ಲಿದೆ ಅದು. ಮುಖ್ಯವಾಗಿ ದೊಡ್ಡವರ ರೋಗಗಳು. ಹಾಜರಿಗೆ ಉತ್ತರ ಕೊಡಲಾರದ ನಾಲ್ಕನೆಯ ಇಯತ್ತೆಯ ಹುಡುಗ ಇದರೊಳಗೆ ಸೇರುವುದು ಕಷ್ಟ. ಅವನ ಉಗ್ಗು ಶಾಶ್ವತವೆಂದು ಸಾಬೀತಾಗುವವರೆಗೆ ಕಾಯುವುದು ಚಿಕಿತ್ಸೆಯ ಉದ್ದೇಶಕ್ಕೇ ವಿರುದ್ಧವಲ್ಲವೇ? ಉಗ್ಗುವ ಎಳೆಯ ಮಕ್ಕಳಲ್ಲಿ ಬಹುಪಾಲು ತಾವಾಗಿಯೇ ಸುಧಾರಿಸುತ್ತವೆ. ಉಳಿದವರಿಗೆ ನೆರವು ಸಿಗಬೇಕಾದದ್ದು ಎಳವೆಯಲ್ಲೇ.

ಸಾಲಿಯ ಕಡೆಯಿಂದಲೂ ಪ್ರಯತ್ನಗಳು ನಡೆದಿವೆ. 1974ರಲ್ಲಿ ಕೇಂದ್ರದ ಸಮನ್ವಯ ಶಿಕ್ಷಣ ಯೋಜನೆ ಬಂತು. 2001ರಿಂದ ಸರ್ವ ಶಿಕ್ಷಣ ಅಭಿಯಾನ ನಡೆದು, 2018ರಲ್ಲಿ ಅದು ಸಮಗ್ರ ಶಿಕ್ಷಣದಲ್ಲಿ ಸೇರಿತು. ಕರ್ನಾಟಕದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಸಾಲಿಗಳಿಗೂ ಮನೆಗಳಿಗೂ ಹೋಗುತ್ತಾರೆ. ಅವರು ಕುರುಡು, ಕಿವುಡು, ಬುದ್ಧಿಮಾಂದ್ಯ ಎಲ್ಲ ಮಕ್ಕಳನ್ನೂ ನೋಡಬೇಕು. ವಾಕ್ ಚಿಕಿತ್ಸೆ ಅವರ ವಿದ್ಯೆಯಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸಾಲಿಗೆ, ಎರಡು ಸಲ ಅಂಗನವಾಡಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡಬೇಕೆಂದು ಗೊತ್ತುಪಡಿಸಿದೆ. ಮಾತಿನ, ಕಿವಿಯ ತೊಂದರೆಯೂ ಅದರ ಪಟ್ಟಿಯಲ್ಲಿದೆ. ತೊಂದರೆ ಕಂಡರೆ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ಚೀಟಿ ಸಿಗುತ್ತದೆ. ಮತ್ತೆ ಚೀಟಿ, ಮತ್ತೆ ಆಸ್ಪತ್ರೆ.

ಇನ್ನು ಕಲಿತವರ ವಿಚಾರ. ಇಂದು ಮೈಸೂರು, ಬೆಂಗಳೂರು, ಮಂಗಳೂರು, ಧಾರವಾಡಗಳಲ್ಲಿ ವಾಕ್ ಶ್ರವಣ ಕಾಲೇಜುಗಳಿವೆ. ವಿಜಯಪುರದಿಂದ ಮೈಸೂರು 600 ಕಿಲೋಮೀಟರಿಗೂ ದೂರ. ಧಾರವಾಡ ಬಂದಮೇಲೆ ದಾರಿ ಸಾಕಷ್ಟು ಕಡಿಮೆಯಾಗಿದೆ. ಆದರೆ ಪದವಿ ಪಡೆದವರಿಗೆ ಹಳ್ಳಿಯ ಕಡೆ ಕೆಲಸವೆಲ್ಲಿ? ಹಲವರು ನಗರದ ಆಸ್ಪತ್ರೆಗೆ ಸೇರುತ್ತಾರೆ, ಶ್ರವಣಯಂತ್ರದ ಅಂಗಡಿಗೆ ಸೇರುತ್ತಾರೆ. ಮೈಸೂರಿನಲ್ಲಿ ಕಲಿತವರಲ್ಲಿ ಅನೇಕರು ಮೊದಲಿನಿಂದಲೂ ಸಾಗರ ದಾಟಿದ್ದಾರೆ. ಅಮೆರಿಕದ ಶಾಲಾ ಜಿಲ್ಲೆಯಲ್ಲಿ ಅವರಿಗಾಗಿ ಹುದ್ದೆಯಿದೆ, ಕೋಣೆಯಿದೆ, ವೇಳಾಪಟ್ಟಿಯಿದೆ. ಅವರನ್ನು ದೂರಿ ಫಲವಿಲ್ಲ. ಇಲ್ಲಿಯ ಸಾಲಿಯಲ್ಲಿ ಆ ಹುದ್ದೆಯನ್ನು ಯಾರೂ ಸೃಷ್ಟಿಸಲಿಲ್ಲ.

ವಾಕ್ ಚಿಕಿತ್ಸೆಗೆ ಇರುವ ಒಂದು ಗುಣ ಇದನ್ನು ಇನ್ನಷ್ಟು ಬಿಗಡಾಯಿಸುತ್ತದೆ. ಅದು ಒಂದು ಸೂಜಿಮದ್ದಿನ ಕೆಲಸವಲ್ಲ. ವಾರಕ್ಕೆ ಒಂದೆರಡು ಸಲದಂತೆ ತಿಂಗಳುಗಟ್ಟಲೆ ನಡೆಯಬೇಕು, ಕಲಿತದ್ದನ್ನು ಮನೆಯಲ್ಲಿ ದಿನವೂ ಆಡಬೇಕು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಪ್ರತಿ ಸಲವೂ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ, ಮಗುವಿನ ಒಂದು ದಿನದ ಸಾಲಿ ಹೋಗುತ್ತದೆ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೊರಡುವ ಕುಟುಂಬಗಳು ಈ ಜಿಲ್ಲೆಯ ತಾಂಡಾಗಳಲ್ಲಿ ಇಂದಿಗೂ ಇವೆ. ಮಗು ಜೊತೆಗೆ ಹೋದರೆ ಚೀಟಿ ಮನೆಯ ಮಾಡದಲ್ಲೇ ಉಳಿಯುತ್ತದೆ. ಮರಳಿ ಬಂದಾಗ ಬೇಸಿಗೆ. ಜೂನಿನಲ್ಲಿ ಮಗು ಮುಂದಿನ ಇಯತ್ತೆಗೆ ಹೋಗಿ ಕೂತಿರುತ್ತದೆ, ಅಲ್ಲಿ ಹಾಜರಿ ಕೂಗಲು ಬೇರೊಬ್ಬ ಮಾಸ್ತರರು ಬಂದಿರುತ್ತಾರೆ.